ಕರ್ಲ್‌ನಲ್ಲಿ ಸಂಪ್ ಮೋಟರ್: ಆನ್ ಆಗುತ್ತೆ, ಆಫ್ ಆಗಲ್ಲ

ಸಂಪಿನಮನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದೀಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತೆ, ಸೀದಾ ಸಂಪಿಗೆ ಬೀಳುತ್ತೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಅರ್ಧ ಎಚ್‌ಪಿ ಮೋಟರ್. ಇಪ್ಪತ್ತು ನಿಮಿಷ ಓಡಿಸಿದರೆ ಐನೂರು ಲೀಟರ್ ಟ್ಯಾಂಕ್ ತುಂಬುತ್ತೆ. ಅಣ್ಣ ಜರ್ಮನಿಯಿಂದ ಬರುವಾಗ ಶೆಲ್ಲಿ ಪ್ಲಗ್ ಎಸ್ (ವೈಫೈನಲ್ಲಿ ಆನ್-ಆಫ್ ಆಗೋ ಪ್ಲಗ್) ತಂದುಕೊಟ್ಟ. ಮನೇಲಿ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಸುಮ್ಮನೆ ಕೂತಿತ್ತು. ಸರಿ, ಹೇಳಿದ ಹೊತ್ತಿಗೆ ಕೆಲಸ ಓಡಿಸೋ ಕ್ರಾನ್‌ನಲ್ಲಿ ಬೆಳಗಿನ ಜಾವ ಐದಕ್ಕೆ ಒಂದು ಶೆಲ್ ಸ್ಕ್ರಿಪ್ಟ್ (ಟರ್ಮಿನಲ್ ಕಮಾಂಡುಗಳ ಫೈಲು) ಇಟ್ಟೆ.

ಮೊದಲನೇ ಸ್ಕ್ರಿಪ್ಟ್ ಮೂರೇ ಸಾಲು: ಆನ್ ಮಾಡೋ ಕರ್ಲ್ (ವೆಬ್ ವಿಳಾಸವನ್ನ ಕರೆಯೋ ಕಮಾಂಡ್), ಸ್ಲೀಪ್ 1200 (ಅಷ್ಟು ಸೆಕೆಂಡ್ ಕಾಯೋದು), ಆಫ್ ಮಾಡೋ ಕರ್ಲ್. ಮೂರು ವಾರ ಚೆನ್ನಾಗಿ ನಡೀತು. ಆಮೇಲೆ ಒಂದು ದಿನ ಟ್ಯಾಂಕ್ ತುಂಬಿ, ಮಹಡಿ ಮೇಲಿಂದ ಪಕ್ಕದ ಮನೆ ಆಂಟಿ ರಂಗೋಲಿ ಮೇಲೇ ಸುರೀತು. ಸ್ಲೀಪ್ ನಂಬಬಾರದು ಅಂತ ಯಾರೋ ಅಂದರು. ಪ್ಲಗ್ಗಲ್ಲೇ ಟೈಮರ್ ಇದೆಯಲ್ಲ, ಅದನ್ನೇ ಬಳಸಿ ಎರಡನೇ ಸ್ಕ್ರಿಪ್ಟ್ ಬರೆದೆ. ಈಗ ಇನ್ನೂ ಕಷ್ಟ. ಒಂದು ದಿನವೂ ತಾನಾಗಿ ಆಫ್ ಆಗಿಲ್ಲ. ಆನ್ ಮಾತ್ರ ತಪ್ಪದೇ ಆಗುತ್ತೆ. ಬ್ರೌಸರ್‌ನಲ್ಲಿ ಅದೇ ವಿಳಾಸ ಹಾಕಿದರೆ ಟೈಮರ್ ಸರಿಯಾಗಿ ಓಡುತ್ತೆ! ತಲೆ ಕೆಟ್ಟು ಹೋಗಿದೆ.

ಹಳೇಲಿನಕ್ಸಿಗ

ಬ್ರೌಸರ್‌ನಲ್ಲಿ ಓಡುತ್ತೆ, ಶೆಲ್‌ನಲ್ಲಿ ಓಡಲ್ಲ ಅಂದರೆ ತಪ್ಪು ಪ್ಲಗ್ಗಿನದಲ್ಲ. ಆ ಸಾಲನ್ನ ಇದ್ದ ಹಾಗೇ ಹಾಕಿ. ಒಂದು ಚುಕ್ಕೆಯನ್ನೂ ತಿದ್ದಬೇಡಿ.

ಸಂಪಿನಮನೆ

ಫೋನಲ್ಲಿ ಕನ್ನಡ ಕೀಬೋರ್ಡ್ ಒಂದೇ ಇದೆ, ಕಮಾಂಡನ್ನೂ ಕನ್ನಡದಲ್ಲೇ ಬರೀತೀನಿ, ಇಂಗ್ಲಿಷಿಗೆ ನೀವೇ ತಿರುಗಿಸಿಕೊಳ್ಳಿ ಸರ್:

ಕರ್ಲ್ ಎಚ್‌ಟಿಟಿಪಿ://192.168.1.40/ರಿಲೇ/0?ಟರ್ನ್=ಆನ್&ಟೈಮರ್=1200

ಹಳೇಲಿನಕ್ಸಿಗ

ಸಿಕ್ಕಿಬಿತ್ತು. ಉದ್ಧರಣ ಚಿಹ್ನೆ ಎಲ್ಲಿ ಸ್ವಾಮಿ?

ವಿಳಾಸದ ಮಧ್ಯೆ ಆ & ಇದೆ ನೋಡಿ. ಬ್ರೌಸರ್‌ಗೆ ಅದು ಎರಡು ಅಂಶಗಳ ನಡುವಿನ ಕೊಂಡಿ. ಶೆಲ್‌ಗೆ ಅದರ ಅರ್ಥವೇ ಬೇರೆ: "ಇಲ್ಲಿವರೆಗಿನ ಕೆಲಸವನ್ನ ಹಿನ್ನೆಲೆಗೆ ತಳ್ಳು, ಮುಂದಿನದು ನೋಡು". ಹಾಗಾಗಿ ನಿಮ್ಮ ಒಂದು ಸಾಲು ಎರಡು ತುಂಡಾಯ್ತು. ಮೊದಲ ತುಂಡು 'ಟರ್ನ್=ಆನ್' ತನಕದ ಕರ್ಲ್. ಅದು ಪ್ಲಗ್ಗಿಗೆ ಹೋಯ್ತು, ಮೋಟರ್ ಶುರುವಾಯ್ತು. ಎರಡನೇ ತುಂಡು 'ಟೈಮರ್=1200'. ಇದು ಬೇರೆ ಏನೋ ಆಗಿದ್ದರೆ ಶೆಲ್ "ಇಂಥ ಕಮಾಂಡ್ ಇಲ್ಲ" ಅಂತ ಕೂಗ್ತಿತ್ತು, ನಿಮಗೆ ಆವತ್ತೇ ಗೊತ್ತಾಗ್ತಿತ್ತು. ಆದರೆ ಅದು ನೋಡೋಕೆ ಒಂದು ವೇರಿಯಬಲ್‌ಗೆ ಬೆಲೆ ಕೊಡೋ ಸಾಲಿನ ಹಾಗೇ ಇದೆ. ಶೆಲ್ ಪಾಪ, ಟೈಮರ್ ಅನ್ನೋ ವೇರಿಯಬಲ್ ಮಾಡಿ, ಅದರಲ್ಲಿ 1200 ಇಟ್ಟು, ಸುಮ್ಮನಾಯ್ತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಇನ್ನೊಂದು ತಮಾಷೆ. ಇದೇ ಸಾಲನ್ನ ಮ್ಯಾಕ್‌ನಲ್ಲಿ ಹಾಕಿದ್ದರೆ, ಅಲ್ಲಿರೋದು ಝೆಡ್‌ಶೆಲ್, ಪ್ರಶ್ನಾರ್ಥಕ ಚಿಹ್ನೆಯನ್ನ ಫೈಲ್ ಹುಡುಕೋ ಗುರುತು ಅಂದುಕೊಂಡು "ಹೊಂದೋ ಫೈಲ್ ಇಲ್ಲ" ಅಂತ ಅಲ್ಲೇ ನಿಲ್ಲಿಸಿಬಿಡ್ತಿತ್ತು. ಲಿನಕ್ಸಿನ ಬ್ಯಾಶ್ ಶೆಲ್ ಸ್ವಲ್ಪ ಸಜ್ಜನ. ಹೊಂದೋ ಫೈಲ್ ಸಿಗದಿದ್ದರೆ ಇದ್ದದ್ದನ್ನ ಇದ್ದ ಹಾಗೇ ಮುಂದಕ್ಕೆ ಕಳಿಸುತ್ತೆ.

ಇಡೀ ವಿಳಾಸವನ್ನ ಉದ್ಧರಣದೊಳಗೆ ಇಡಿ, ಓಡಿಸಿ. ಪ್ಲಗ್ ಏನು ಉತ್ತರ ಕೊಡುತ್ತೆ ಅಂತ ಇಲ್ಲಿ ಹಾಕಿ.

ಸಂಪಿನಮನೆ

ಉದ್ಧರಣ ಇಲ್ಲದೆ: ಈಸಾನ್ ಟ್ರೂ, ಹ್ಯಾಸ್_ಟೈಮರ್ ಫಾಲ್ಸ್ (ಆನ್ ಆಗಿದೆ, ಟೈಮರ್ ಇಲ್ಲ). ಉದ್ಧರಣ ಹಾಕಿದ ಮೇಲೆ: ಈಸಾನ್ ಟ್ರೂ, ಹ್ಯಾಸ್_ಟೈಮರ್ ಟ್ರೂ, ಟೈಮರ್_ಡ್ಯುರೇಶನ್ 1200.

ಹದಿನಾಲ್ಕು ದಿನ ಆ ಉತ್ತರ ನನ್ನ ಲಾಗ್ ಫೈಲಲ್ಲೇ ಕೂತಿತ್ತು ಸರ್. ಒಂದು ದಿನವೂ ತೆಗೆದು ಓದಿರಲಿಲ್ಲ.

ಹೊಸದಾಗಿ_ಕಲೀತಿದ್ದೀನಿ

ನಡುವೆ ಬಾಯಿ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ನಂದು ಇದರ ತಂಗಿಯಂಥ ಸಮಸ್ಯೆ. ಟ್ಯಾಸ್ಮೋಟಾ (ಪ್ಲಗ್ಗಿನೊಳಗೆ ಓಡೋ ಸಾಫ್ಟ್‌ವೇರ್) ಹಾಕಿದ ಪ್ಲಗ್, ಅಡುಗೆಮನೆ ಹೊರಗಿನ ದೀಪಕ್ಕೆ. ನಾನು ಉದ್ಧರಣ ಹಾಕಿದ್ದೀನಿ! ಟರ್ಮಿನಲ್‌ನಲ್ಲಿ ದೀಪ ಹತ್ತುತ್ತೆ. ಅದೇ ಸಾಲು ಕ್ರಾನ್‌ಟ್ಯಾಬ್‌ಗೆ (ಕ್ರಾನ್‌ನ ಕೆಲಸದ ಪಟ್ಟಿಗೆ) ಅಂಟಿಸಿದರೆ ಹತ್ತಲ್ಲ. ವಿಳಾಸದ ಕೊನೆ ಹೀಗಿದೆ: ಸಿಎಂ?ಸಿಎಂಎನ್‌ಡಿ=ಪವರ್%20ಆನ್

ಹಳೇಲಿನಕ್ಸಿಗ

ಇದು ಕ್ರಾನ್‌ನ ಹಳೇ ಚೇಷ್ಟೆ. ಕ್ರಾನ್‌ಟ್ಯಾಬ್‌ನಲ್ಲಿ % ಬಂದರೆ ಕ್ರಾನ್ ಅದನ್ನ ಹೊಸ ಸಾಲು ಅಂತ ಓದುತ್ತೆ. ಮೊದಲ % ತನಕ ಕಮಾಂಡ್, ಅದರ ಆಚೆಯದೆಲ್ಲ ಆ ಕಮಾಂಡ್‌ಗೆ ಒಳಬರುವ ಪಠ್ಯ. ಉದ್ಧರಣ ಹಾಕಿದ್ದರೂ ಕ್ರಾನ್ ಕೇರ್ ಮಾಡಲ್ಲ. ಅದು ಶೆಲ್‌ಗೆ ಕೊಡೋ ಮುಂಚೆಯೇ ಕತ್ತರಿಸಿಬಿಡುತ್ತೆ. ಹಾಗೆ ತುಂಡಾದ ಸಾಲಲ್ಲಿ ನಿಮ್ಮ ಉದ್ಧರಣ ಮುಚ್ಚೋದೇ ಇಲ್ಲ, ಶೆಲ್ ಬೈದು ಹೊರಗೆ ಬರುತ್ತೆ, ಆ ಬೈಗುಳ ಯಾರೂ ಓದದ ಮೇಲ್ ಡಬ್ಬಿಗೆ ಹೋಗುತ್ತೆ. ಉದ್ಧರಣ ಇಲ್ಲದಿದ್ದರೆ ಇನ್ನೂ ಚೆಂದ: 'ಪವರ್' ಅಂತ ಮಾತ್ರ ಹೋಗುತ್ತೆ, ಟ್ಯಾಸ್ಮೋಟಾಗೆ ಅದು "ಈಗ ಆನೋ ಆಫೋ" ಅನ್ನೋ ಪ್ರಶ್ನೆ. ಪ್ಲಗ್ ವಿನಯದಿಂದ "ಆಫ್" ಅಂತ ಉತ್ತರ ಕೊಟ್ಟು ಸುಮ್ಮನಿರುತ್ತೆ.

% ಮುಂದೆ ಒಂದು ಹಿಂಬದಿ ಓರೆಗೆರೆ ಹಾಕಿ. ಇಲ್ಲ, ಸಾಲನ್ನ ಒಂದು ಫೈಲಿಗೆ ಬರೆದು ಕ್ರಾನ್‌ನಿಂದ ಆ ಫೈಲನ್ನ ಮಾತ್ರ ಕರೀರಿ. ನಾನು ಯಾವಾಗಲೂ ಎರಡನೇದೇ ಮಾಡೋದು.

ಹೊಸದಾಗಿ_ಕಲೀತಿದ್ದೀನಿ

ಹತ್ತಿತು!! ಎರಡು ರಾತ್ರಿ ವೈಫೈ ಬಯ್ಕೊಂಡು ಕೂತಿದ್ದೆ.

ಕರಾವಳಿ_ಕೋಡು (ಉಡುಪಿ)

ಉದ್ಧರಣದ ಕಥೆ ಆಯ್ತು. ಆದರೆ ಸಂಪಿನಮನೆಯವರ ಮೊದಲ ಸ್ಕ್ರಿಪ್ಟ್‌ನ ವಿಷಯ ಯಾರೂ ಮಾತಾಡ್ಲಿಲ್ಲ ಮಾರಾಯ್ರೆ. ಮೂರು ವಾರ ಸರಿ ಇದ್ದು ಒಂದು ದಿನ ಕೈಕೊಟ್ಟದ್ದು. ಅದರಲ್ಲಿ & ಇರ್ಲಿಲ್ಲ ಅಲ್ವಾ? ಆ ದಿನ ಕರೆಂಟ್ ಹೋಗಿತ್ತಾ? ಮತ್ತೆ ಪ್ಲಗ್ಗಿನ ಸೆಟ್ಟಿಂಗ್‌ನಲ್ಲಿ ಕರೆಂಟ್ ಬಂದ ಮೇಲಿನ ಸ್ಥಿತಿ ಎಂತ ಇಟ್ಟಿದ್ದೀರಿ?

ಸಂಪಿನಮನೆ

ಹೌದು ಸರ್, ಐದೂಕಾಲಿನ ಹೊತ್ತಿಗೆ ಒಂದು ಸಲ ಹೋಗಿ ಬಂತು. ಐದು ನಿಮಿಷವೂ ಇರಲಿಲ್ಲ. ಸೆಟ್ಟಿಂಗ್ 'ಲಾಸ್ಟ್' ಅಂತ ಇದೆ. ಮೊದಲು ಅದೇ ಪ್ಲಗ್ ದೇವರಮನೆ ದೀಪಕ್ಕಿತ್ತು, ಆಗ ಹಾಗೆ ಇಟ್ಟಿದ್ದೆ.

ಕರಾವಳಿ_ಕೋಡು

ಹಾಗಾದ್ರೆ ನಡೆದದ್ದು ಇಷ್ಟು. ಐದಕ್ಕೆ ಮೋಟರ್ ಆನ್. ಸ್ಕ್ರಿಪ್ಟ್ ಸ್ಲೀಪ್‌ನಲ್ಲಿ ಮಲಗಿತ್ತು. ಐದೂಕಾಲಿಗೆ ಕರೆಂಟ್ ಹೋಯ್ತು. ಪೈ ಸತ್ತಿತು, ಒಟ್ಟಿಗೆ ಮಲಗಿದ್ದ ಸ್ಕ್ರಿಪ್ಟೂ ಸತ್ತಿತು. ಕರೆಂಟ್ ಬಂತು. ಪ್ಲಗ್ "ನಾನು ಕಡೆಗೆ ಆನ್ ಇದ್ದೆ" ಅಂತ ನೆನಪಿಟ್ಟುಕೊಂಡು ಪುನಃ ಆನ್ ಆಯ್ತು. ಪೈ ಎದ್ದಿತು, ಆದರೆ ಅದಕ್ಕೆ ಮೋಟರ್ ವಿಷಯ ಎಂತದೂ ನೆನಪಿಲ್ಲ. ಆಫ್ ಮಾಡುವವರೇ ಇಲ್ಲ.

ಆ ಸೆಟ್ಟಿಂಗನ್ನು ಮೊದಲು 'ಆಫ್' ಮಾಡಿ. ನೀರೆತ್ತುವ, ಬಿಸಿ ಮಾಡುವ ಯಾವುದಕ್ಕೂ 'ಲಾಸ್ಟ್' ಬೇಡ. ಟ್ಯಾಸ್ಮೋಟಾದಲ್ಲಿ ಇದೇ ಕೆಲಸಕ್ಕೆ ಪವರ್‌ಆನ್‌ಸ್ಟೇಟ್ ಅಂತ ಉಂಟು, ಅದನ್ನು 0 ಮಾಡ್ಬೇಕು. ಬರುವಾಗ ಅದು 3ರಲ್ಲಿ ಇರ್ತದೆ, ಅಂದ್ರೆ ಅದೂ ಹಳೇ ಸ್ಥಿತಿಗೇ ಹೋಗ್ತದೆ.

ಪೈಯ ಇನ್ನೊಂದು ಉಪದ್ರ: ಪೈ 4ರಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಹೋಗಿ ಬಂದರೆ ಅದಕ್ಕೆ ಟೈಮ್ ಗೊತ್ತಿಲ್ಲ. ಕಡೆಯ ಸಲ ಡಿಸ್ಕಿಗೆ ಬರೆದಿಟ್ಟ ಸಮಯದಿಂದ ಎಣಿಸಲು ಶುರು ಮಾಡ್ತದೆ, ಇಂಟರ್ನೆಟ್ ಸಿಕ್ಕಿದ ಮೇಲೆ ಸರಿ ಮಾಡ್ಕೊಳ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಬಂದು ಅರ್ಧ ಗಂಟೆ ಆದ್ರೂ ಇಂಟರ್ನೆಟ್ ಬರುವುದಿಲ್ಲ. ಒಂದು ದಿನ ಬೆಳಿಗ್ಗೆ ಎಂಟೂವರೆಗೆ ನಮ್ಮ ಗೀಸರ್ ಆನ್ ಆಯ್ತು, ಪೈಗೆ ಅದು ಬೆಳಗಿನ ಆರು! ಆಮೇಲೆ ಡಿಎಸ್3231 ಅಂತ ಬ್ಯಾಟರಿ ಇರುವ ಸಣ್ಣ ಗಡಿಯಾರದ ಬೋರ್ಡ್ ಸಿಕ್ಕಿಸಿದೆ. ಪೈ 5ರಲ್ಲಿ ಚಿಪ್ ಒಳಗೇ ಉಂಟು, ಬ್ಯಾಟರಿ ಮಾತ್ರ ನಾವು ತಗೊಳ್ಬೇಕು.

ವೈಂಡಿಂಗ್_ಅಂಗಡಿ (ಹುಬ್ಬಳ್ಳಿ)

ಅಣ್ಣಾರ, ಸ್ಕ್ರಿಪ್ಟು ಗಿಸ್ಕ್ರಿಪ್ಟು ನನಗ ತಿಳಿಯಂಗಿಲ್ಲ. ಮಗ ಈ ಚರ್ಚಾ ತೋರಿಸಿದ, ಓದಿದೆ. ಒಂದ್ ಮಾತ್ ಕೇಳ್ತೀನ್ರಿ. ಜರ್ಮನಿ ಪ್ಲಗ್ ಅಂದ್ರ ಆ ಎರಡು ದುಂಡ ಪಿನ್ನಿಂದು ಹೌದಲ್ಲ? ನಮ್ಮ ಸಾಕೆಟ್ಟಿಗೆ ಹೆಂಗ ಕೂಡ್ರಿಸೀರಿ? ಅಡಾಪ್ಟರ್ ಹಾಕೀರೇನು?

ಸಂಪಿನಮನೆ

ಹೌದು ಸರ್. ಕೆಳಗೊಂದು ಟ್ರಾವೆಲ್ ಅಡಾಪ್ಟರ್, ಮೇಲೊಂದು.

ವೈಂಡಿಂಗ್_ಅಂಗಡಿ (ಹುಬ್ಬಳ್ಳಿ)

ಅಯ್ಯ ನಮ್ಮಪ್ಪಾ. ತಗೀರಿ ಅದನ್ನ, ಮೊದಲ ತಗೀರಿ.

ಆ ಪ್ಲಗ್ಗಿನ್ಯಾಗ ಅರ್ಥ್ ಸೈಡಿಗೆ ಇರೂ ಪಟ್ಟಿ. ನಮ್ಮ ಮೂರ ಪಿನ್ ಅಡಾಪ್ಟರ್ ಹಾಕಿದ್ರ ಅರ್ಥ್ ಸಿಗ್ತೈತೋ ಇಲ್ಲೋ ದೇವರಿಗೇ ಗೊತ್ತು. ನೀರಿನ ಮೋಟರ್‌ಗೆ ಅರ್ಥ್ ಇಲ್ಲ ಅಂದ್ರ ಆಟ ಅಲ್ರಿ. ಎರಡನೇದು, ಅದರ ಮ್ಯಾಲ 12 ಆಂಪ್ ಅಂತ ಬರದೈತಿ, ನಿಮ್ಮ ಅರ್ಧ ಎಚ್‌ಪಿ ಮೂರು ನಾಕು ಆಂಪ್ ಎಳೀತೈತಿ, ಸಾಕಲ್ಲ ಅಂತೀರಿ. ಆ ಬರದದ್ದು ಇಸ್ತ್ರಿಪೆಟ್ಟಿಗಿ, ಹೀಟರ್ ಅಂಥಾವಕ್ಕ. ಮೋಟರ್ ಏಳೂ ಮುಂದ ಐದಾರು ಪಟ್ಟು ಎಳೀತೈತಿ. ಆಫ್ ಆಗೂ ಮುಂದ ಪಾಯಿಂಟಿನ್ಯಾಗ ಕಿಡಿ ಹಾರ್ತೈತಿ. ದಿನಾ ಹಿಂಗ ಆದ್ರ ಒಂದಿನ ರಿಲೇ (ಪ್ಲಗ್ಗಿನ ಒಳಗಿನ ಸ್ವಿಚ್) ಪಾಯಿಂಟ್ ಅಂಟ್ಕೊಂಡ್ ಬಿಡ್ತಾವ್. ಆಮ್ಯಾಲ ನೀವು ಫೋನಿನ್ಯಾಗ ಆಫ್ ಒತ್ತ್ರಿ, ಕಂಪ್ಯೂಟರ್‌ನ್ಯಾಗ ಆಫ್ ಒತ್ತ್ರಿ, ಪ್ಲಗ್ "ಆಫ್ ಆಗೀನಿ" ಅಂತೈತಿ, ಮೋಟರ್ ಓಡ್ಕೋತನ ಇರ್ತೈತಿ. ನಮ್ಮ ಅಂಗಡಿಗೆ ಸುಟ್ಟ ಮೋಟರ್ ಬರೂದು ಬ್ಯಾರೆ ಯಾತಕ್ಕೂ ಅಲ್ಲ.

ಒಂದು ಕಾಂಟ್ಯಾಕ್ಟರ್ (ಮೋಟರ್ ಲೋಡ್ ತಡಿಯೂ ದೊಡ್ಡ ಸ್ವಿಚ್) ಹಾಕ್ರಿ, 230 ವೋಲ್ಟ್ ಕಾಯಿಲ್ ಇರೂದು. ಮೋಟರ್ ಲೈನ್ ಎಂಸಿಬಿಯಿಂದ ಕಾಂಟ್ಯಾಕ್ಟರ್‌ಗೆ, ಅಲ್ಲಿಂದ ಮೋಟರ್‌ಗೆ. ನಿಮ್ಮ ಪ್ಲಗ್ ಬರೇ ಕಾಯಿಲ್‌ಗೆ ಕರೆಂಟ್ ಕೊಟ್ರ ಸಾಕು. ಕಾಯಿಲ್ ಕುಡಿಯೂದು ಕೆಲವೇ ವ್ಯಾಟ್. ನೀವಾಗೇ ಮಾಡ್ಬ್ಯಾಡ್ರಿ, ಎಲೆಕ್ಟ್ರಿಷಿಯನ್‌ನ ಕರೀರಿ.

ಜರ್ಮನಿ_ಅಣ್ಣ

ಆ ಪ್ಲಗ್ ತಂದುಕೊಟ್ಟ ಅಪರಾಧಿ ನಾನೇ. ಟೇಬಲ್ ಲ್ಯಾಂಪಿಗೆ ಅಂತ ಕೊಟ್ಟಿದ್ದು ಕಣೋ, ಮೋಟರಿಗೆ ಅಂತ ಯಾರು ಹೇಳಿದ್ದು?

ಇಲ್ಲಿ ನನ್ನ ಹತ್ತಿರ ಅದೇ ಪ್ಲಗ್ಗಲ್ಲಿ ನೆಲಮಾಳಿಗೆಯ ತೇವ ಹೀರೋ ಯಂತ್ರ ಓಡುತ್ತೆ. ವಿದ್ಯುತ್ ದರ ಗಂಟೆಗೊಂದು ಥರ ಇರೋ ಒಪ್ಪಂದ ನಂದು. 2025ರ ಜನವರಿಯಿಂದ ಜರ್ಮನಿಯ ಎಲ್ಲ ವಿದ್ಯುತ್ ಮಾರಾಟಗಾರರೂ ಇಂಥದ್ದೊಂದನ್ನ ಕೊಡಲೇಬೇಕು. ಮಧ್ಯಾಹ್ನ ಮರುದಿನದ ದರಪಟ್ಟಿ ಬರುತ್ತೆ. ಕರ್ಲ್‌ನಲ್ಲಿ ಇಳಿಸಿ, ಜೆಕ್ಯೂ ಅನ್ನೋ ಕಮಾಂಡ್‌ನಲ್ಲಿ ಬೆಲೆ ಪ್ರಕಾರ ಜೋಡಿಸಿ, ಅಗ್ಗದ ನಾಲ್ಕು ಗಂಟೆ ಆರಿಸಿ, ಪ್ರತಿಯೊಂದಕ್ಕೂ 'ಅಟ್' ಕಮಾಂಡ್‌ನಲ್ಲಿ ಒಂದೊಂದು ಕೆಲಸ ಹಾಕ್ತೀನಿ. ಬಿಸಿಲು ಗಾಳಿ ಎರಡೂ ಜೋರಾಗಿರೋ ಭಾನುವಾರ ಸಗಟು ದರ ಸೊನ್ನೆಗಿಂತ ಕೆಳಗೆ ಹೋಗೋದೂ ಉಂಟು. ಆ ಮೈನಸ್ ಚಿಹ್ನೆ ಮೊದಲ ಸಲ ನೋಡಿದಾಗ ನನ್ನ ಸ್ಕ್ರಿಪ್ಟೇ ಕಕ್ಕಾಬಿಕ್ಕಿಯಾಯ್ತು. ಯಾಕಂದರೆ ಆಗ ಜೋಡಿಸೋಕೆ ನಾನು ಜೆಕ್ಯೂ ಬಿಟ್ಟು ಸಾಮಾನ್ಯ ಸಾರ್ಟ್ ಬಳಸಿದ್ದೆ, ಅದರಲ್ಲಿ ಸಂಖ್ಯೆ ಅಂತ ಹೇಳೋ ಆಯ್ಕೆ ಹಾಕಿರಲಿಲ್ಲ.

ಡ್ಯಾಶ್‌ಬೋರ್ಡ್_ಪ್ರಿಯ

ಇಷ್ಟೆಲ್ಲ ಯಾಕೆ ಸರ್ಕಸ್? ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನಗಳನ್ನ ನಡೆಸೋ ಸಾಫ್ಟ್‌ವೇರ್) ಹಾಕ್ಕೊಳ್ಳಿ, ಹತ್ತು ನಿಮಿಷದ ಕೆಲಸ. 2013ರಿಂದ ಇದೆ, ಪಕ್ವವಾಗಿದೆ. ಶೆಲ್ ಸ್ಕ್ರಿಪ್ಟ್ ಕಾಲ ಮುಗೀತು.

ಹಳೇಲಿನಕ್ಸಿಗ

ಹತ್ತು ಥರದ ಪ್ಲಗ್ಗು, ಹತ್ತು ಸೆನ್ಸರ್ ಇದ್ದರೆ ನಾನೂ ಅದನ್ನೇ ಹೇಳ್ತೀನಿ. ಅದರಲ್ಲಿ ಜಗಳ ಇಲ್ಲ. ಆದರೆ ಮೇಲಿನ ತಾಪತ್ರಯಗಳಲ್ಲಿ ಅದು ಯಾವುದನ್ನ ತಪ್ಪಿಸ್ತಿತ್ತು? ಆ ಹೋಮ್ ಅಸಿಸ್ಟೆಂಟೂ ಅದೇ ಪೈ ಮೇಲೆ ಕೂತಿರುತ್ತೆ. ಇಪ್ಪತ್ತು ನಿಮಿಷದ ಡಿಲೇ ಮಧ್ಯೆ ಕರೆಂಟ್ ಹೋದರೆ ಅದರ ಆಟೋಮೇಶನ್ನೂ ಅಲ್ಲೇ ಬಿದ್ದುಹೋಗುತ್ತೆ. ಅಂಟಿಕೊಂಡ ರಿಲೇಗೆ ಡ್ಯಾಶ್‌ಬೋರ್ಡ್ ಕಂಡರೆ ಭಯವಿಲ್ಲ.

ಸ್ಕ್ರಿಪ್ಟ್ ಬರೆಯೋರಿಗೆ ಎರಡು ಮಾತು. ಕರ್ಲ್‌ಗೆ ಎಫ್ ಆಯ್ಕೆ ಕೊಡದಿದ್ದರೆ ಪ್ಲಗ್ 401 (ಲಾಗಿನ್ ಬೇಕು) ಅಂತ ಬಾಗಿಲು ಹಾಕಿದರೂ ಕರ್ಲ್ "ಎಲ್ಲ ಸುಸೂತ್ರ" ಅಂತ ಸೊನ್ನೆ ಹಿಂದಿರುಗಿಸುತ್ತೆ. ಎಂ ಆಯ್ಕೆ ಕೊಟ್ಟು ಐದು ಸೆಕೆಂಡ್ ಮಿತಿ ಹಾಕಿ. ಇಲ್ಲದಿದ್ದರೆ ಉತ್ತರ ಕೊಡದ ಪ್ಲಗ್ ಮುಂದೆ ಸ್ಕ್ರಿಪ್ಟ್ ಸುಮ್ಮನೆ ಕಾಯ್ತಾ ನಿಂತಿರುತ್ತೆ. ಹಿಂದಿರುಗಿದ ಸಂಖ್ಯೆ 7 ಅಂದರೆ ಆ ವಿಳಾಸದಲ್ಲಿ ಸಂಪರ್ಕವೇ ಆಗಲಿಲ್ಲ, 28 ಅಂದರೆ ಸಮಯ ಮೀರಿತು. 7 ಪದೇಪದೇ ಬಂದರೆ ಪ್ಲಗ್ಗಿನ ಐಪಿ ಬದಲಾಗಿದೆಯಾ ನೋಡಿ, ರೌಟರ್‌ನಲ್ಲಿ ಅದಕ್ಕೆ ಒಂದೇ ವಿಳಾಸ ಕಾದಿರಿಸಿ. ಆಮೇಲೆ 'ಟಾಗಲ್' (ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್) ಅನ್ನೋ ಆಜ್ಞೆಯನ್ನ ಸ್ಕ್ರಿಪ್ಟಲ್ಲಿ ಯಾವತ್ತೂ ಬಳಸಬೇಡಿ. ಸ್ಕ್ರಿಪ್ಟ್ ಎರಡು ಸಲ ಓಡಿದರೆ 'ಆಫ್' ಎರಡು ಸಲವೂ ಆಫೇ. ಟಾಗಲ್ ಎರಡನೇ ಸಲ ಆನ್.

ಪಾಠದಮೇಷ್ಟ್ರು

ನನ್ನ ಬಳಿ ಟಿಪಿ-ಲಿಂಕ್‌ನ ಹಳೆಯ ಎಚ್‌ಎಸ್110 ಇದೆ. ಅದಕ್ಕೆ ಇಂಥ ವೆಬ್ ವಿಳಾಸವೇ ಇಲ್ಲವಲ್ಲ? ಶೆಲ್‌ನಿಂದ ಮಾತಾಡಿಸಲು ಸಾಧ್ಯವೇ?

ಹಳೇಲಿನಕ್ಸಿಗ

ಸಾಧ್ಯ ಮೇಷ್ಟ್ರೇ, ಮತ್ತೆ ಅದು ನಿಮ್ಮ ಹುಡುಗರಿಗೆ ಪಾಠ ಮಾಡೋಕೂ ಚೆನ್ನಾಗಿದೆ. ಆ ಪ್ಲಗ್ ಟಿಸಿಪಿ 9999ನೇ ಪೋರ್ಟಲ್ಲಿ ಕೇಳಿಸ್ಕೊಳ್ತಾ ಕೂತಿರುತ್ತೆ. ಆಜ್ಞೆ ಮಾಮೂಲಿ ಜೇಸನ್ (ಆವರಣಗಳೊಳಗೆ ಬರೆಯೋ ಸಾದಾ ಪಠ್ಯ), ಅದಕ್ಕೊಂದು ತೆಳ್ಳನೆ ಗುಪ್ತಲಿಪಿಯ ಹೊದಿಕೆ. 2016ರಲ್ಲಿ ಜರ್ಮನಿಯ ಸಾಫ್ಟ್‌ಶೆಕ್ ಅನ್ನೋ ಭದ್ರತಾ ಕಂಪನಿಯವರು ಬಿಡಿಸಿ ತೋರಿಸಿದರು.

ಲೆಕ್ಕ ಹೀಗೆ. ಮೊದಲ ಕೀಲಿ 171. ಮೊದಲ ಅಕ್ಷರದ ಜೊತೆ ಅದನ್ನ ಎಕ್ಸ್‌ಆರ್ ಮಾಡಬೇಕು (ಬಿಟ್‌ಗೆ ಬಿಟ್ ಹೋಲಿಸಿ, ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0); ಬಂದ ಫಲವೇ ಮುಂದಿನ ಅಕ್ಷರಕ್ಕೆ ಕೀಲಿ. ಜೇಸನ್ ಶುರುವಾಗೋದು ಪುಷ್ಪಾವರಣ { ಚಿಹ್ನೆಯಿಂದ, ಅದರ ಸಂಖ್ಯೆ 123. 171ಕ್ಕೂ 123ಕ್ಕೂ ಎಕ್ಸ್‌ಆರ್ ಮಾಡಿದರೆ 208. ಮುಂದಿನದು ಉದ್ಧರಣ ಚಿಹ್ನೆ, 34. ಈಗ ಕೀಲಿ 208, ಫಲ 242. ಹೀಗೇ ಸರಪಳಿ. ರಿಲೇ ಆನ್ ಮಾಡೋ ಆಜ್ಞೆಯಲ್ಲಿ ಒಟ್ಟು 42 ಅಕ್ಷರ, ಆ 42 ಅನ್ನೋದನ್ನ ನಾಲ್ಕು ಬೈಟ್‌ನಲ್ಲಿ ಮುಂದಿಟ್ಟು ಕಳಿಸಬೇಕು. ಒಂದು ಸಲ ಲೆಕ್ಕ ಮಾಡಿ ಬೇಸ್64ನಲ್ಲಿ (ಬೈಟ್‌ಗಳನ್ನ ಅಕ್ಷರವಾಗಿ ಬರೆಯೋ ಪದ್ಧತಿ) ಬರೆದಿಟ್ಟುಕೊಂಡರೆ ಆಯ್ತು. ಎಕೋ, ಬೇಸ್64, ನೆಟ್‌ಕ್ಯಾಟ್ ಮೂರನ್ನ ಪೈಪಲ್ಲಿ ಜೋಡಿಸಿದರೆ ಪ್ಲಗ್ 'ಟಕ್' ಅನ್ನುತ್ತೆ.

ಗಮನಿಸಿದಿರಾ, ಇದರಲ್ಲಿ ಪಾಸ್‌ವರ್ಡ್ ಎಲ್ಲೂ ಬರಲಿಲ್ಲ. ನಿಮ್ಮ ವೈಫೈ ಸಿಕ್ಕವರು ಯಾರು ಬೇಕಾದರೂ ಆರಿಸಬಹುದು, ಹತ್ತಿಸಬಹುದು. ಅಂಥ ಪ್ಲಗ್ಗನ್ನ ಬೇರೆ ವೈಫೈ ಹೆಸರಿನ ಹಿಂದೆ ಇಡಿ, ರೌಟರ್‌ನಿಂದ ಹೊರಗೆ ಪೋರ್ಟ್ ತೆರೆಯಲೇಬೇಡಿ. ಹೊಸ ಪ್ಲಗ್ಗುಗಳಲ್ಲಿ ಲಾಗಿನ್ ಬಂದಿದೆ, ಬರೀ ಶೆಲ್‌ನಲ್ಲಿ ಕಷ್ಟ. ಪೈಥಾನ್-ಕಾಸಾ ಹಾಕಿಕೊಂಡರೆ 'ಕಾಸಾ' ಅನ್ನೋ ಕಮಾಂಡ್ ಸಿಗುತ್ತೆ, ಅದನ್ನ ಸ್ಕ್ರಿಪ್ಟಿಂದ ಕರೀಬಹುದು. ಟೂಯಾ ಪ್ಲಗ್ಗುಗಳಿಗೆ ಟೈನಿಟೂಯಾ ಇದೆ. ಪ್ರತಿ ಪ್ಲಗ್ಗಿಗೂ ಒಂದು ಲೋಕಲ್ ಕೀ ತೆಗೆಯಬೇಕು, ಆ ಕಥೆ ಇನ್ನೊಂದಿನ.

ಸಂಪಿನಮನೆ

ವರದಿ ಒಪ್ಪಿಸ್ತಿದ್ದೀನಿ. ಶನಿವಾರ ಎಲೆಕ್ಟ್ರಿಷಿಯನ್ ಬಂದು ಕಾಂಟ್ಯಾಕ್ಟರ್ ಕೂಡಿಸಿದ್ರು. ಅಡಾಪ್ಟರ್ ಎರಡೂ ಕಸಕ್ಕೆ ಹೋದವು, ಕಾಯಿಲ್‌ಗೆ ಇಲ್ಲಿನ ಮೂರು ಪಿನ್ನಿನ ಟ್ಯಾಸ್ಮೋಟಾ ಪ್ಲಗ್ ಹಾಕಿದೆ. ಅಣ್ಣನ ಪ್ಲಗ್ ಮತ್ತೆ ಲ್ಯಾಂಪಿಗೆ. ಪವರ್‌ಆನ್‌ಸ್ಟೇಟ್ 0.

ಒಂದು ನಷ್ಟ ಆಯ್ತು. ಮೊದಲು ಪ್ಲಗ್ ಮೋಟರಿನ ವ್ಯಾಟ್ ತೋರಿಸ್ತಿತ್ತು. ಸಂಪಲ್ಲಿ ನೀರು ಮುಗಿದು ಮೋಟರ್ ಒಣಗಿ ತಿರುಗಿದರೆ ವ್ಯಾಟ್ ಕುಸಿಯುತ್ತೆ, ಹತ್ತು ಸೆಕೆಂಡಿಗೊಮ್ಮೆ ನೋಡಿ ಆಫ್ ಮಾಡೋ ಸ್ಕ್ರಿಪ್ಟ್ ಬರೀಬೇಕು ಅಂತಿದ್ದೆ. ಈಗ ಪ್ಲಗ್ಗಿಗೆ ಕಾಣೋದು ಕಾಯಿಲ್ ಮಾತ್ರ.

ಜೊತೆಗೆ ಹೊಸ ಪಜೀತಿ. ನಿನ್ನೆ ಅಮ್ಮ ಪ್ಲಗ್ಗಿನ ಗುಂಡಿ ಕೈಯಲ್ಲೇ ಒತ್ತಿ ಮೋಟರ್ ಹಾಕಿದ್ದಾರೆ. ಕೈಯಲ್ಲಿ ಒತ್ತಿದ್ದಕ್ಕೆ ನನ್ನ ಸ್ಕ್ರಿಪ್ಟಿನ ಟೈಮರ್ ಎಲ್ಲಿಂದ ಬರಬೇಕು? ಮತ್ತೆ ರಂಗೋಲಿ.

ಕರಾವಳಿ_ಕೋಡು

ಅಮ್ಮನನ್ನು ಸ್ಕ್ರಿಪ್ಟಿಗೆ ಸೇರಿಸ್ಲಿಕ್ಕೆ ಆಗುವುದಿಲ್ಲ, ಆಫನ್ನು ಪ್ಲಗ್ಗಿನೊಳಗೇ ಇಡ್ಬೇಕು. ಟ್ಯಾಸ್ಮೋಟಾದಲ್ಲಿ ಪಲ್ಸ್‌ಟೈಮ್ ಉಂಟು. ಆನ್ ಹೇಗೇ ಆಗ್ಲಿ, ಗುಂಡಿ, ಫೋನು, ಕರ್ಲ್, ಅಷ್ಟು ಹೊತ್ತಾದ ಮೇಲೆ ಅದೇ ಆಫ್ ಮಾಡ್ತದೆ. ಅದರ ಲೆಕ್ಕ ಮಾತ್ರ ವಿಚಿತ್ರ: 111ರವರೆಗೆ ಸೆಕೆಂಡಿನ ಹತ್ತನೇ ಒಂದು ಭಾಗ, ಅದರ ಮೇಲೆ ಸೆಕೆಂಡಿಗೆ 100 ಕೂಡಿಸಿ ಬರೀಬೇಕು. ನಿಮ್ಮ 1200 ಸೆಕೆಂಡಿಗೆ 1300. ಅಣ್ಣನ ಶೆಲ್ಲಿಯಲ್ಲೂ ಆಟೋ_ಆಫ್ ಅಂತ ಇದೇ ಉಂಟು. ಒಂದು ಸಲ ಸೆಟ್ ಮಾಡಿದ ಮೇಲೆ ಪೈ ಇದ್ದರೂ ಸರಿ, ಸತ್ತರೂ ಸರಿ. ಸ್ಕ್ರಿಪ್ಟಿನ ಕೆಲಸ ಬರೀ ಆನ್ ಮಾಡುವುದು.

ವೈಂಡಿಂಗ್_ಅಂಗಡಿ (ಹುಬ್ಬಳ್ಳಿ)

ನೀರು ಮುಗಿಯೂದಕ್ಕ ವ್ಯಾಟ್ ಯಾಕ ನೋಡ್ತೀರಿ? ಸಂಪಿನ್ಯಾಗ ಒಂದು ಫ್ಲೋಟ್ ಸ್ವಿಚ್ ಬಿಡ್ರಿ, ಮ್ಯಾಲ ಟ್ಯಾಂಕಿನ್ಯಾಗ ಒಂದು. ಎರಡನ್ನೂ ಕಾಯಿಲ್ ಲೈನಿಗೆ ಸರಣಿಯಾಗಿ ಜೋಡಸ್ರಿ. ಕೆಳಗ ನೀರಿಲ್ಲ ಅಂದ್ರೂ ಕಟ್, ಮ್ಯಾಲ ತುಂಬಿದ್ರೂ ಕಟ್. ಅದಕ್ಕ ವೈಫೈನೂ ಬ್ಯಾಡ, ಪಾಸ್‌ವರ್ಡೂ ಬ್ಯಾಡ.

ಡ್ಯಾಶ್‌ಬೋರ್ಡ್_ಪ್ರಿಯ

ಫ್ಲೋಟ್ ಸ್ವಿಚ್ ಹಾಕಿದ ಮೇಲೆ ಸ್ಕ್ರಿಪ್ಟ್ ಯಾಕೆ, ಪೈ ಯಾಕೆ, ಈ ಚರ್ಚೆ ತಾನೇ ಯಾಕೆ?

ಹಳೇಲಿನಕ್ಸಿಗ

ಐದು ಗಂಟೆಗೆ ಎದ್ದು ಸ್ವಿಚ್ ಹಾಕೋಕೆ.

ಸಂಪಿನಮನೆ

ಪಲ್ಸ್‌ಟೈಮ್ 1300 ಆಯ್ತು. ಫ್ಲೋಟ್ ಎರಡೂ ಬಂದಿವೆ, ಮೇಲಿನದು ಕೂಡಿಸಿದ್ದಾರೆ, ಸಂಪಿನದು ನೀರು ಇಳಿದ ದಿನ. ಇವತ್ತು ಬೆಳಿಗ್ಗೆ ನಾನೇ ಎದ್ದು ಮಹಡಿಗೆ ಹೋಗಿ ಟ್ಯಾಂಕ್ ಮುಚ್ಚಳ ತೆಗೆದು ನಿಂತಿದ್ದೆ. ಐದೂ ಹದಿನೆಂಟಕ್ಕೆ ಫ್ಲೋಟ್ ಎದ್ದಿತು, ಕೆಳಗೆ ಕಾಂಟ್ಯಾಕ್ಟರ್ 'ಟಪ್' ಅಂದಿದ್ದು ಮೇಲಿನ ತನಕ ಕೇಳಿಸ್ತು. ಪ್ಲಗ್ ಇನ್ನೆರಡು ನಿಮಿಷ ಆನ್ ಅಂತಲೇ ಅಂದುಕೊಂಡು ಕೂತಿತ್ತು. ಇಳಿದು ಬರುವಾಗ ಪಕ್ಕದ ಮನೆ ಆಂಟಿ ರಂಗೋಲಿ ಪುಡಿ ಡಬ್ಬ ಹಿಡ್ಕೊಂಡು ಮೇಲೆ ನೋಡ್ತಾ ನಿಂತಿದ್ದರು. "ಇವತ್ತು ಬಿಡಬಹುದೇನಪ್ಪಾ?" ಅಂದರು. "ಬಿಡಿ ಆಂಟಿ" ಅಂದೆ.